ಲೆಕ್ಕಕ್ಕುಂಟು, ಆಟಕ್ಕಿಲ್ಲ

ಹೋದ ವರ್ಷ ನಮ್ಮ ಮಕ್ಕಳ ಇನ್‌ಡೋರ್ ಫುಟ್‌ಬಾಲ್ ಲೀಗಿನ ಫೈನಲ್ ದಿನ ನಾನು ಟೈಮ್ ನೋಡೋ ಕೆಲಸಕ್ಕೆ ಕೂತಿದ್ದೆ. ಎದುರಿಗೇ ಬೆಂಚಿನ ತುದೀಲಿ ಒಂಬತ್ತು ವರ್ಷದ ಒಬ್ಬ ಹುಡುಗ. ಬೂಟಿನ ಲೇಸು ಬಿಚ್ಚೋದು, ಮತ್ತೆ ಬಿಗಿಯಾಗಿ ಎಳೆದು ಕಟ್ಟೋದು, ಎದ್ದು ನಿಂತಲ್ಲೇ ನಾಲ್ಕು ಸಲ ಕುಣಿದು ಮತ್ತೆ ಕೂರೋದು. ಕೋಚ್ ಬೆಂಚಿನ ಕಡೆ ತಿರುಗಿದಾಗೆಲ್ಲ ಬೆನ್ನು ನೆಟ್ಟಗಾಗ್ತಿತ್ತು. ಮೂವತ್ತು ನಿಮಿಷದ ಆಟ ಮುಗೀತು. ಅವನನ್ನ ಕರೀಲೇ ಇಲ್ಲ. ಅವನ ತಂಡವೇ ಗೆದ್ದಿತ್ತು, ಎಲ್ಲರ ಜೊತೆ ಅವನ ಕೊರಳಿಗೂ ಮೆಡಲ್ ಬಿತ್ತು. ಫೋಟೋಗೆ ನಿಂತಾಗ ನೋಡ್ತೀನಿ, ಎಂಟು ಮಕ್ಕಳ ಜರ್ಸಿ ಬೆವರಲ್ಲಿ ತೊಯ್ದು ಮೈಗೆ ಅಂಟಿದೆ, ಇವನದ್ದು ಮಾತ್ರ ಇಸ್ತ್ರಿ ಮಡಿಕೆ ಸಮೇತ ಬೆಳಗ್ಗೆ ಹಾಕಿಕೊಂಡು ಬಂದ ಹಾಗೇ ಇದೆ.

ಹೊರಗೆ ಬೈಕ್ ನಿಲ್ಲಿಸಿದ ಕಡೆ ಅವನ ಅಜ್ಜಿ ಸಿಕ್ಕಿದ್ರು. ಕೈಯಲ್ಲಿ ಮಂಡಕ್ಕಿ ಪೊಟ್ಟಣ. ಮೆಲ್ಲಗೆ ಕೇಳಿದ್ರು: “ಸಾರ್, ನಮ್ ಹುಡುಗ ಏನಾರ ತಪ್ಪು ಮಾಡಿದ್ನೇನ್ರೀ?”

ಆಡಿಸದೇ ಕೂರಿಸಿದ್ದು ಶಿಕ್ಷೆ ಅಂತ ಅವರು ಅಂದುಕೊಂಡಿದ್ರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ.

ಯಾಕಂದ್ರೆ ಲೀಗ್ ಪಂದ್ಯಗಳಲ್ಲಿ ನಮ್ಮದೇ ಒಂದು ನಿಯಮ ಇತ್ತು, ತಂಡದ ಪ್ರತಿ ಮಗುವೂ ಅರ್ಧ ಹೊತ್ತು ಆಡಲೇಬೇಕು ಅಂತ. ಫೈನಲ್ಲಿಗೆ ಮಾತ್ರ ಅದನ್ನ ಕೈಬಿಟ್ಟಿದ್ವಿ. “ಕಪ್ಪಿನ ಮ್ಯಾಚು ಸಾರ್, ಚೆನ್ನಾಗಿ ಆಡೋರೇ ಆಡಲಿ ಬಿಡಿ” ಅಂತ ಮೀಟಿಂಗಲ್ಲಿ ಒಂದು ಮಾತು ಬಂತು, ಸುತ್ತ ಕೂತವರೆಲ್ಲ ತಲೆಯಾಡಿಸಿದ್ರು. ನಾನೂ ಆಡಿಸಿದೆ. ಅದು ತಪ್ಪು. ಈ ಸಲದ ಲೀಗಿಗೆ ನಿಯಮ ಬರೆಯೋ ಹೊತ್ತು ಬಂದಿದೆ, ಅದಕ್ಕೇ ಇಷ್ಟುದ್ದ ಬರೀತಿದ್ದೀನಿ. ದಾವಣಗೆರೆಯ ಅಪ್ಪ ಅಮ್ಮಂದಿರು, ಪಿ.ಟಿ. ಮೇಷ್ಟ್ರುಗಳು, ಟರ್ಫ್ ನಡೆಸೋರು ದಯವಿಟ್ಟು ಪೂರ್ತಿ ಓದಿ.

ನಾವು ಆಡಿಸೋದು ಹಳೇ ಮೆಕ್ಕೆಜೋಳದ ಗೋಡೌನಲ್ಲಿ. ಮೇಲೆ ತಗಡು, ಕೆಳಗೆ ಟರ್ಫ್, ಸುತ್ತ ಎದೆಮಟ್ಟದ ಸಿಮೆಂಟ್ ಗೋಡೆ, ಅದರ ಮೇಲೆ ಬಲೆ. ಏಪ್ರಿಲ್ ತಿಂಗಳಲ್ಲಿ ಹೊರಗಿನ ಮೈದಾನದಲ್ಲಿ ಹತ್ತು ಗಂಟೆ ಮೇಲೆ ಮಕ್ಕಳನ್ನ ಓಡಿಸೋಕಾಗಲ್ಲ, ಮಳೆ ಹಿಡಿದ್ರೆ ನಮ್ಮ ಕಡೆಯ ಎರೆಮಣ್ಣು ಬೂಟಿಗೆ ಮೆತ್ತಿ ಒಂದೊಂದು ಕಾಲೂ ಒಂದೊಂದು ಕೇಜಿ ಆಗುತ್ತೆ. ಹಾಗಾಗಿ ಸೂರಿನ ಕೆಳಗೆ ಬಂದ್ವಿ. ತಗಡಿನ ಕೆಳಗೂ ಸೆಖೆಯೇ, ಬೆಳಗ್ಗೆ ಏಳಕ್ಕೆ ಶುರು ಮಾಡಿ ಹತ್ತರ ಒಳಗೆ ಮುಗಿಸ್ತೀವಿ.

ಇದು ಕ್ರಿಕೆಟ್ ಊರು. ಆರ್. ವಿನಯ್ ಕುಮಾರ್ ಇಲ್ಲಿಂದಲೇ ಭಾರತ ತಂಡಕ್ಕೆ ಹೋದವರು. ಅವರ ನಾಯಕತ್ವದಲ್ಲೇ ಕರ್ನಾಟಕ 2013–14 ಮತ್ತು 2014–15ರಲ್ಲಿ ಬೆನ್ನುಬೆನ್ನಿಗೆ ರಣಜಿ ಟ್ರೋಫಿ ಗೆದ್ದಿತು. ಆ ಹೆಮ್ಮೆ ನನಗೂ ಇದೆ. ಆದರೆ ಗಲ್ಲಿ ಕ್ರಿಕೆಟ್ಟಿನ ಒಂದು ಚಾಳಿ ನಮ್ಮ ಎಲ್ಲ ಆಟಕ್ಕೂ ಅಂಟಿಕೊಂಡಿದೆ: ದೊಡ್ಡವನು ಬ್ಯಾಟ್ ಹಿಡೀತಾನೆ, ಚಿಕ್ಕವನು ಚರಂಡಿಗೆ ಬಿದ್ದ ಬಾಲ್ ತರ್ತಾನೆ. ಅವನಿಗೆ ನಾವು ಇಟ್ಟ ಹೆಸರು ‘ಆಟಕ್ಕುಂಟು ಲೆಕ್ಕಕ್ಕಿಲ್ಲ’. ಅಷ್ಟಾದರೂ ಪರವಾಗಿಲ್ಲ, ಅವನು ಆಟದಲ್ಲಿ ಇರ್ತಿದ್ದ. ಬೆಂಚಿನ ಮೇಲಿದ್ದ ಹುಡುಗನ ಹೆಸರು ಲಿಸ್ಟಲ್ಲಿತ್ತು, ಫೀಸು ರಶೀದಿಯಲ್ಲಿತ್ತು, ಜರ್ಸಿಯ ಬೆನ್ನ ಮೇಲೂ ಇತ್ತು. ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಈ ಆಟ ಹುಟ್ಟಿದ್ದೇ ಜಾಗ ಇಲ್ಲದ ಮಕ್ಕಳಿಗಾಗಿ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. 1930ರಲ್ಲಿ ಉರುಗ್ವೆ ಮೊದಲ ಫುಟ್‌ಬಾಲ್ ವಿಶ್ವಕಪ್ ಗೆದ್ದಾಗ ರಾಜಧಾನಿ ಮಾಂಟೆವಿಡಿಯೊದ ಮಕ್ಕಳಿಗೆಲ್ಲ ಫುಟ್‌ಬಾಲ್ ಹುಚ್ಚು. ಅಲ್ಲಿನ ವೈಎಂಸಿಎಯಲ್ಲಿ ಪಾಠ ಹೇಳ್ತಿದ್ದ ಹುವಾನ್ ಕಾರ್ಲೋಸ್ ಸೆರಿಯಾನಿ ಅನ್ನೋ ಮೇಷ್ಟ್ರು ಬ್ಯಾಸ್ಕೆಟ್‌ಬಾಲ್ ಅಂಕಣದಲ್ಲೇ ಆಡೋ ಹಾಗೆ ಆಟವನ್ನ ಚಿಕ್ಕದು ಮಾಡಿದ್ರು. ಬ್ಯಾಸ್ಕೆಟ್‌ಬಾಲಿನಿಂದ ಐದು ಜನರ ತಂಡ, ಹ್ಯಾಂಡ್‌ಬಾಲಿನಿಂದ ಗೋಲಿನ ಅಳತೆ, ವಾಟರ್ ಪೋಲೊದಿಂದ ಗೋಲಿಯ, ಅಂದ್ರೆ ಗೋಲ್‌ಕೀಪರ್‌ನ ನಿಯಮ ತಗೊಂಡ್ರು. ಅದೇ ಇವತ್ತಿನ ಫುಟ್ಸಾಲ್. 1989ರಲ್ಲಿ ನೆದರ್‌ಲೆಂಡ್ಸಲ್ಲಿ ಫಿಫಾ ಇದರ ಮೊದಲ ವಿಶ್ವಕಪ್ ನಡೆಸಿತು, ನಮ್ಮ ದೇಶದಲ್ಲಿ 2021ರಲ್ಲಿ ರಾಷ್ಟ್ರೀಯ ಕ್ಲಬ್ ಚಾಂಪಿಯನ್‌ಷಿಪ್ ಶುರುವಾಯ್ತು, 2025ರಲ್ಲಿ ಫಿಲಿಪ್ಪೀನ್ಸಲ್ಲಿ ಹೆಣ್ಣುಮಕ್ಕಳ ಮೊದಲ ವಿಶ್ವಕಪ್ಪೂ ಆಯ್ತು. ಆ ಮೇಷ್ಟ್ರು ಮಾಡಿದ್ದನ್ನೇ ನಾವೂ ಮಾಡಬೇಕಿರೋದು. ಮುಂದಿರೋ ಜಾಗ, ಮುಂದಿರೋ ಮಕ್ಕಳನ್ನ ನೋಡಿ ನಿಯಮ ಕಟ್ಟೋದು.

ಗೋಡೆ ವಿಷಯ ತಗೊಳ್ಳಿ. ಪ್ರತಿ ವರ್ಷ ಇದರ ಮೇಲೇ ಜಗಳ. ಅಮೆರಿಕದ ಕಡೆ ಇನ್‌ಡೋರ್ ಸಾಕರ್ ಅಂತ ಆಡ್ತಾರಲ್ಲ, ಅದರಲ್ಲಿ ಚೆಂಡು ಗೋಡೆಗೆ ಬಡಿದು ವಾಪಸ್ ಬಂದ್ರೂ ಆಟ ನಿಲ್ಲಲ್ಲ. ಅಲ್ಲಿ ಐಸ್ ಹಾಕಿ ಅಂಕಣಕ್ಕೆ ಇರೋ ಥರದ ಹಲಗೆ ಕಟ್ಟಿರ್ತಾರೆ. ಫುಟ್ಸಾಲಲ್ಲಿ ಹಾಗಲ್ಲ, ಗೆರೆ ದಾಟಿದ್ರೆ ಚೆಂಡು ಹೊರಗೆ. ಅದನ್ನ ಗೆರೆ ಮೇಲೆ ಇಟ್ಟು ಕಾಲಿಂದ ಒದ್ದು ಆಟಕ್ಕೆ ತರಬೇಕು. ಅದೇ ಕಿಕ್-ಇನ್. ನಾವು ಮೊದಲ ವರ್ಷ ಗೋಡೆಯನ್ನೂ ಆಟಕ್ಕೆ ಸೇರಿಸಿದ್ವಿ. ಆಟ ಬಿರುಸಾಗಿರುತ್ತೆ ಅಂತ ಆಸೆ. ಎರಡನೇ ವಾರಕ್ಕೇ ಮೂಲೇಲಿ ಚೆಂಡಿಗೆ ಹೋದ ಒಬ್ಬ ಹುಡುಗಿಯನ್ನ ಹಿಂದಿಂದ ಬಂದವನು ತಡೆಯೋಕಾಗದೆ ಗುದ್ದಿದ. ಬೇಕಂತ ಮಾಡಿದ್ದಲ್ಲ, ಓಟದ ರಭಸ. ಅವಳ ಭುಜ ಸಿಮೆಂಟಿಗೆ ತಾಗಿದ ಸದ್ದು ತಗಡಿನ ಕೆಳಗೆ ಎಷ್ಟು ಜೋರಾಗಿ ಕೇಳಿಸ್ತು ಅಂದ್ರೆ ಆಚೆ ಟೀ ಕುಡೀತಿದ್ದವರೂ ಒಳಗೆ ಓಡಿ ಬಂದ್ರು. ಮೂಳೆ ಬಿರುಕು ಬಿಟ್ಟಿತ್ತು. ಬಲಗೈ ಜೋಳಿಗೆ ಕಟ್ಟಿಕೊಂಡು ತಿಂಗಳುಗಟ್ಟಲೆ ಓಡಾಡಿದಳು, ಶಾಲೆಯ ನೋಟ್ಸನ್ನ ಅವರಮ್ಮ ಬರೆದುಕೊಟ್ರು.

ಅದಾದ ಮೇಲೆ ಗೋಡೆಯಿಂದ ಒಂದೂವರೆ ಮೀಟರ್ ಒಳಗೆ ಗೆರೆ ಎಳೆದು ಕಿಕ್-ಇನ್ ತಂದ್ವಿ. ಆಟ ನಿಧಾನ ಆಗುತ್ತೆ ಅಂದವರು ಒಂದು ತಿಂಗಳಲ್ಲಿ ಸುಮ್ಮನಾದ್ರು. ಗೋಡೆ ಇದ್ದಾಗ ಮಕ್ಕಳು ಕಣ್ಣುಮುಚ್ಚಿ ಗೋಡೆಗೆ ಹೊಡೀತಿದ್ರು, ಏನಾದರೂ ಒಂದು ಕಡೆ ಬರುತ್ತೆ ಅಂತ. ಈಗ ತಲೆ ಎತ್ತಿ ಯಾರು ಖಾಲಿ ಇದ್ದಾರೆ ಅಂತ ಹುಡುಕ್ತಾರೆ. ಇನ್ನೊಂದು ನಾನು ಎಣಿಸಿರದ ಲಾಭವೂ ಆಯ್ತು. ಕಿಕ್-ಇನ್ ಹೊತ್ತಲ್ಲಿ ಎದುರಾಳಿ ಐದು ಮೀಟರ್ ದೂರ ನಿಲ್ಲಬೇಕು, ಒದೆಯೋಕೆ ನಾಲ್ಕು ಸೆಕೆಂಡ್ ಸಿಗುತ್ತೆ. ನಮ್ಮ ಅಂಕಣ ಚಿಕ್ಕದು ಅಂತ ದೂರವನ್ನ ಮೂರು ಮೀಟರ್ ಮಾಡಿಕೊಂಡಿದ್ದೀವಿ. ಗುಂಪಲ್ಲಿ ಚೆಂಡು ಕಂಡ್ರೆ ಹಿಂದೆ ಸರಿಯೋ ಮಗುವಿಗೆ ಆ ನಾಲ್ಕು ಸೆಕೆಂಡಲ್ಲಿ ಯಾರ ಕಾಲೂ ಅಡ್ಡ ಬರಲ್ಲ, ಚೆಂಡು ಪೂರ್ತಿ ಅವನದ್ದು. ಪುಕ್ಕಲು ಮಕ್ಕಳು ಮೊದಲ ಒಳ್ಳೇ ಪಾಸ್ ಕೊಟ್ಟಿದ್ದು ಅಲ್ಲೇ. ಚಿಕ್ಕವರ ಪಂದ್ಯದಲ್ಲಿ ನಾಲ್ಕು ಸೆಕೆಂಡನ್ನ ನಾನು ಬೆರಳೆತ್ತಿ ಎಣಿಸಿ ತೋರಿಸ್ತೀನಿ, ಮೀರಿದ್ರೆ ಒಂದು ಸಲ ಮಾಫಿ.

ಚೆಂಡಿನ ಬಗ್ಗೆ ಅಪ್ಪಂದಿರಿಗೆ ಒಂದು ಮಾತು. ಅಂಗಡಿಯಲ್ಲಿ ಹೊಳೆಯೋ ಐದನೇ ನಂಬರ್ ಚೆಂಡು ತಂದು “ಇದರಲ್ಲೇ ಆಡ್ಸಿ ಸಾರ್” ಅಂತೀರಿ. ಪ್ರೀತಿಯಿಂದಲೇ ತರ್ತೀರಿ, ಗೊತ್ತು. ಆದರೆ ಫುಟ್ಸಾಲ್ ಚೆಂಡು ನಾಲ್ಕನೇ ನಂಬರಿನದು, ಸುತ್ತಳತೆ 62ರಿಂದ 64 ಸೆಂ.ಮೀ., ಪುಟಿಯೋದು ಕಮ್ಮಿ. ಎರಡು ಮೀಟರ್ ಎತ್ತರದಿಂದ ಬಿಟ್ರೆ ಮೊದಲ ಸಲ 50ರಿಂದ 65 ಸೆಂ.ಮೀ. ಒಳಗೇ ಏಳಬೇಕು. ನಾನು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದಿಟ್ಟಿದ್ದೀನಿ, ಪಂದ್ಯಕ್ಕೆ ಮುಂಚೆ ಮಕ್ಕಳೇ ಸ್ಟೂಲ್ ಹತ್ತಿ ಚೆಂಡು ಬಿಟ್ಟು ನೋಡ್ತಾರೆ. ಅಂಗಡಿ ಚೆಂಡು 65ರ ಗೆರೆ ದಾಟಿ ಅವರ ಎದೆಮಟ್ಟ ಬಂತು. ಅಷ್ಟು ಪುಟಿಯೋ ಚೆಂಡಲ್ಲಿ ಕಾಲಿನ ಆಟ ಕಲಿಯೋಕಾಗಲ್ಲ, ಮುಖಕ್ಕೇ ಬೀಳುತ್ತೆ. ನೆಲಕ್ಕೆ ಅಂಟಿಕೊಂಡಿರೋ ಚೆಂಡಾದ್ರೆ ಅಂಗಾಲಿಂದ ಎಳೆದು ತಿರುಗಿಸೋದು ವಾರದಲ್ಲೇ ಬರುತ್ತೆ.

ತಲೆಯಿಂದ ಹೊಡೆಯೋದು ನಮ್ಮಲ್ಲಿ ಇಲ್ಲವೇ ಇಲ್ಲ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ ಹತ್ತು ವರ್ಷದವರೆಗಿನ ಮಕ್ಕಳಿಗೆ ಅದನ್ನ ಬೇಡ ಅಂದಿತು, ಇಂಗ್ಲೆಂಡಲ್ಲಿ 2024–25ರ ಋತುವಿನಿಂದ ಚಿಕ್ಕ ಮಕ್ಕಳ ಪಂದ್ಯಗಳಲ್ಲಿ ಹಂತಹಂತವಾಗಿ ತೆಗೀತಿದ್ದಾರೆ. ಬೆಳೆಯೋ ಮಿದುಳಿನ ಪ್ರಶ್ನೆ ಇದು, ಚರ್ಚೆಗೆ ನಾನು ಸಿದ್ಧನಿಲ್ಲ. ಜಾರಿ ಬಂದು ಚೆಂಡು ಕಸಿಯೋದಕ್ಕೂ ಅಷ್ಟೇ. ದೊಡ್ಡವರ ಫುಟ್ಸಾಲಲ್ಲಿ ಅಪಾಯ ಇಲ್ಲದಿದ್ರೆ ಅದಕ್ಕೆ ಅವಕಾಶ ಇದೆ, ನಮ್ಮಲ್ಲಿ ಯಾರೂ ಜಾರೋ ಹಾಗಿಲ್ಲ. ಟರ್ಫ್ ಮೇಲೆ ಜಾರಿದ ಮಂಡಿ ಹೇಗಿರುತ್ತೆ ಅಂತ ಒಂದು ಸಲ ಡೆಟಾಲ್ ಹಚ್ಚಿದವರಿಗೆ ಗೊತ್ತು.

ದೊಡ್ಡ ಗುಂಪಿಗೆ, ಅಂದ್ರೆ ಹದಿನಾಲ್ಕರ ಒಳಗಿನವರಿಗೆ, ಫೌಲ್ ಲೆಕ್ಕ ಇಡ್ತೀವಿ. ಒಂದು ಅರ್ಧದಲ್ಲಿ ತಂಡದ ಐದು ಫೌಲ್ ಆದ ಮೇಲೆ ಆರನೆಯದಕ್ಕೆ ಎದುರಾಳಿಗೆ ಹತ್ತು ಮೀಟರಿಂದ ನೇರ ಕಿಕ್, ಮುಂದೆ ಅಡ್ಡ ನಿಲ್ಲೋರು ಯಾರೂ ಇರಲ್ಲ, ಗೋಲಿ ಒಬ್ಬನೇ. ಇದು ಬಂದ ಮೇಲೆ ನಾನು ಬೈಯೋದು ನಿಂತಿದೆ. ನಾಲ್ಕನೇ ಫೌಲ್ ಆದ ಕೂಡಲೇ ಅವರವರೇ “ಲೇ, ಕಾಲ್ ಹಾಕ್ಬೇಡ್ರೋ, ನಾಲ್ಕಾಯ್ತು” ಅಂತ ಕೂಗ್ತಾರೆ.

ಈಗ ಮತ್ತೆ ಬೆಂಚಿಗೆ ಬರ್ತೀನಿ. ಪ್ರತಿ ಮಗುವೂ ಅರ್ಧ ಹೊತ್ತು ಆಡಲೇಬೇಕು ಅನ್ನೋ ನನ್ನ ಮಾತಿಗೆ ಬಂದ ಉತ್ತರ ಏನಂದ್ರೆ, ಎಲ್ಲರನ್ನೂ ಆಡಿಸಿದ್ರೆ ಪ್ರತಿಭೆಗೆ ಅನ್ಯಾಯ ಆಗುತ್ತೆ, ಕೋಚಿಗೆ ಸ್ವಾತಂತ್ರ್ಯ ಇರಲ್ಲ. ನೋಡ್ರಿ, ಜಿಲ್ಲಾ ತಂಡದ ಆಯ್ಕೆ ಬೇರೆ, ಅಕಾಡೆಮಿ ಬೇರೆ. ಅಲ್ಲಿ ಚೆನ್ನಾಗಿ ಆಡೋರನ್ನೇ ತಗೋಬೇಕು, ನನ್ನ ತಕರಾರಿಲ್ಲ. ಇದು ಭಾನುವಾರದ ಲೀಗು. ಎಲ್ಲರೂ ಒಂದೇ ಫೀಸು ಕಟ್ಟಿದ್ದಾರೆ, ಎಲ್ಲರೂ ಆರು ಗಂಟೆಗೆ ಎದ್ದಿದ್ದಾರೆ.

ಲೆಕ್ಕವನ್ನೂ ಹಾಕಿ ನೋಡೋಣ. ಮೂವತ್ತು ನಿಮಿಷದ ಆಟವನ್ನ ಐದೈದು ನಿಮಿಷದ ಆರು ಚೌಕ ಮಾಡಿ. ಪ್ರತಿ ಚೌಕದಲ್ಲಿ ಗೋಲಿ ಸೇರಿ ಐದು ಜಾಗ, ಒಟ್ಟು ಮೂವತ್ತು. ತಂಡದಲ್ಲಿ ಒಂಬತ್ತು ಮಕ್ಕಳು. ಒಬ್ಬೊಬ್ಬರಿಗೆ ಮೂರು ಚೌಕ ಅಂದ್ರೆ ಇಪ್ಪತ್ತೇಳು. ಇನ್ನೂ ಮೂರು ಜಾಗ ಕೋಚಿನ ಕೈಯಲ್ಲೇ ಉಳೀತವೆ, ಅವರು ಮೆಚ್ಚಿದ ಆಟಗಾರನಿಗೆ ಕೊಡಲಿ. ಕೊನೆಯ ಐದು ನಿಮಿಷಕ್ಕೆ ಗಟ್ಟಿ ಐವರನ್ನೇ ಇಳಿಸಲಿ, ಬೇಡ ಅಂದವರು ಯಾರು? ಉಳಿದ ನಾಲ್ವರನ್ನ ಮೊದಲ ಐದು ಚೌಕದಲ್ಲಿ ಹೇಗೆ ಇಳಿಸಬೇಕು ಅಂತ ತಲೆ ಓಡಿಸೋದೇ ಕೋಚಿನ ಕೆಲಸ. ಅಷ್ಟಕ್ಕೂ ಫುಟ್ಸಾಲಲ್ಲಿ ಆಟಗಾರರನ್ನ ಎಷ್ಟು ಸಲ ಬೇಕಾದ್ರೂ ಬದಲಿಸಬಹುದು, ಆಟ ನಿಲ್ಲಿಸೋದೂ ಬೇಡ, ಒಬ್ಬ ಹೊರಗೆ ಬಂದ ಕೂಡಲೇ ಇನ್ನೊಬ್ಬ ಒಳಗೆ. ದೊಡ್ಡ ದೊಡ್ಡ ತಂಡಗಳೇ ಕೆಲವೇ ನಿಮಿಷಕ್ಕೆ ಒಮ್ಮೆ ಬದಲಿಸ್ತವೆ, ಓಟ ಅಷ್ಟು ಸುಸ್ತು ಮಾಡುತ್ತೆ.

ಇಷ್ಟೆಲ್ಲ ಹೇಳಿದ ಮೇಲೂ “ಲೀಗಲ್ಲಿ ಸರಿ, ಫೈನಲಲ್ಲಿ ಬೇಡ” ಅನ್ನೋರಿದ್ದಾರೆ. ನನ್ನ ಸಿಟ್ಟು ಇರೋದೇ ಅಲ್ಲಿ. ಇಡೀ ಋತು ‘ನೀನೂ ನಮ್ಮವನೇ’ ಅಂತ ಆಡಿಸಿ, ಅಜ್ಜಿ, ಚಿಕ್ಕಪ್ಪ, ಓಣಿಯ ಗೆಳೆಯರು ಎಲ್ಲ ನೋಡೋಕೆ ಬಂದ ದಿನ ಮಾತ್ರ ಕೂರಿಸಿದ್ರೆ, ಅಲ್ಲಿವರೆಗೆ ಹೇಳಿದ್ದೆಲ್ಲ ಬರೀ ಬಾಯಿಮಾತು ಅಂತ ಆ ಮಗುವಿಗೆ ಅರ್ಥ ಆಗುತ್ತೆ. ಸುಲಭದ ದಿನ ಪಾಲಿಸಿ ಕಷ್ಟದ ದಿನ ಬಿಡೋದಾದ್ರೆ ಅದನ್ನ ನಿಯಮ ಅಂತ ಯಾಕೆ ಬರೀಬೇಕು?

ಆ ಹುಡುಗನ ಹೆಸರು ಈ ವರ್ಷದ ಲಿಸ್ಟಿಗೆ ಬಂದಿಲ್ಲ. ಅವರಪ್ಪಂಗೆ ಫೋನ್ ಮಾಡಿದ್ದೆ. ಬೇಜಾರೇನೂ ತೋರಿಸಲಿಲ್ಲ, “ಟ್ಯೂಷನ್ ಟೈಮಿಗೆ ಹೊಂದ್ತಿಲ್ಲ ಸಾರ್” ಅಂದ್ರು. ಹಿಂದಿನ ವರ್ಷವೂ ಅದೇ ಟ್ಯೂಷನ್ ಇತ್ತು.

ಈ ಭಾನುವಾರ ಹತ್ತೂವರೆಗೆ ಗೋಡೌನಲ್ಲೇ ಮೀಟಿಂಗ್. ಆರು ಚೌಕದ ಹಾಳೆ ಪ್ರಿಂಟ್ ಹಾಕಿಸಿದ್ದೀನಿ. ಪಂದ್ಯ ಶುರುವಾಗೋ ಮುಂಚೆ ಕೋಚ್ ಹೆಸರು ತುಂಬಿ ಟೈಮ್ ನೋಡೋರ ಕೈಗೆ ಕೊಡಬೇಕು, ಯಾವ ಮಗುವಿನ ಹೆಸರಾದ್ರೂ ಮೂರು ಚೌಕದಲ್ಲಿ ಇಲ್ಲದಿದ್ರೆ ಸೀಟಿ ಊದಲ್ಲ. ಫೈನಲ್ಲಿಗೂ ಇದೇ ಹಾಳೆ. ಒಪ್ಪದವರು ಮೀಟಿಂಗಿಗೆ ಬಂದು ಎದುರಿಗೇ ಹೇಳಿ, ಕೂತು ಮಾತಾಡೋಣ. ಅದಕ್ಕೆ ಮುಂಚೆ ಶನಿವಾರ ಸಂಜೆ ನಾನು ಆ ಹುಡುಗನ ಮನೆಗೆ ಹೋಗ್ತಿದ್ದೀನಿ. ಒಂದು ಹಾಳೆ ತಗೊಂಡೇ ಹೋಗ್ತೀನಿ. ಅಜ್ಜಿ ಕೇಳಿದ್ದಕ್ಕೆ ಅವತ್ತು ಉತ್ತರ ಕೊಟ್ಟಿರಲಿಲ್ಲ. ಅವನದ್ದೇನೂ ತಪ್ಪಿರಲಿಲ್ಲ ಅಂತ ಅವನ ಎದುರಿಗೇ ಹೇಳಬೇಕು.