ಬಾಯಿಗೆ ಟೇಪ್ ಹಾಕಿ ಮಲಗೋದು: ವಿಚಿತ್ರ ಆರೋಗ್ಯ ಟ್ರೆಂಡ್‌ಗಳನ್ನು ಮಾಡಿ ನೋಡಬೇಕಾ? (ಪರ-ವಿರೋಧ)

ಪರ: ಅಣ್ಣ ಬರೆದದ್ದು

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ರಾತ್ರಿ ಬಾಯಿಗೆ ಟೇಪ್ ಹಾಕಿಕೊಂಡು ಮಲಗುತ್ತೇನೆ. ಎರಡು ಬೆರಳಗಲದ ಪಟ್ಟಿ, ಬಾಯಿ ತೆರೆಯದೆ ಮೂಗಿನಲ್ಲೇ ಉಸಿರಾಡಲಿ ಅಂತ ತುಟಿಯ ಮೇಲೆ ಅಂಟಿಸುವುದು, ಅಷ್ಟೇ. ಬೆಳಿಗ್ಗೆ ಕೀಳುವಾಗ ಮೀಸೆಯ ನಾಲ್ಕು ಕೂದಲು ಅದರ ಜೊತೆಗೇ ಬರುತ್ತವೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಬಾಯಿ ಒಣಗಿರುವುದಿಲ್ಲ, ಗಂಟಲು ಕೆರೆಯುವುದಿಲ್ಲ. ಪಕ್ಕದ ರೂಮಿನಲ್ಲಿ ಮಲಗುವ ನನ್ನ ತಂಗಿ ನಡುರಾತ್ರಿ ಗೋಡೆ ಬಡಿಯುವುದನ್ನೂ ನಿಲ್ಲಿಸಿದ್ದಾಳೆ. ಗೊರಕೆ ಹೋಯಿತು ಅಂತ ನಾನು ಅಂದುಕೊಂಡಿದ್ದೇನೆ. ಅವಳು ಬೇರೆ ಏನೋ ಹೇಳುತ್ತಾಳಂತೆ, ಕೆಳಗೆ ಓದಿ.

ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ನಕ್ಕವರಲ್ಲಿ ಅರ್ಧ ಜನರ ಕೈಯಲ್ಲಿ ಹೆಜ್ಜೆ ಎಣಿಸುವ ವಾಚ್ ಇರುತ್ತದೆ, ಸಂಜೆ ಆದರೆ ಹತ್ತು ಸಾವಿರ ಮುಟ್ಟಲಿಲ್ಲ ಅಂತ ಮನೆಯೊಳಗೇ ಅತ್ತಿಂದಿತ್ತ ಸುತ್ತುತ್ತಿರುತ್ತಾರೆ. ಆ ಹತ್ತು ಸಾವಿರ ಎಲ್ಲಿಂದ ಬಂತು ಗೊತ್ತಾ? ಯಾವ ಡಾಕ್ಟರೂ ಕೂತು ಹಾಕಿದ ಲೆಕ್ಕ ಅಲ್ಲ ಅದು. 1964ರ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ ಜಪಾನಿನಲ್ಲಿ ವ್ಯಾಯಾಮದ ಹುಮ್ಮಸ್ಸು ಜೋರಾಗಿತ್ತು. 1965ರಲ್ಲಿ ಅಲ್ಲಿನ ಒಂದು ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಸುವ ಯಂತ್ರ ತಂದಿತು. ಹೆಸರು ಮಾನ್ಪೊ-ಕೆ. ಅಂದರೆ ಹತ್ತು ಸಾವಿರ ಹೆಜ್ಜೆಯ ಮೀಟರ್. ಕೇಳೋಕೆ ಚೆನ್ನಾಗಿತ್ತು, ಸುಲಭವಾಗಿ ನೆನಪಿರುತ್ತಿತ್ತು, ಸರಕು ಮಾರಾಟವಾಯಿತು.

ಅಂದರೆ ಅದು ಜಾಹೀರಾತು. ಆದರೆ ಜಾಹೀರಾತು ಅಂತ ಬಿಸಾಕಿಬಿಟ್ಟಿದ್ದರೆ ಏನಾಗುತ್ತಿತ್ತು? ಕೋಟಿಗಟ್ಟಲೆ ಜನ ನಡೆಯುತ್ತಲೇ ಇರಲಿಲ್ಲ. ಸಂಶೋಧಕರು ಸರಿಯಾಗಿ ಎಣಿಸಿದ್ದು ಬಹಳ ತಡವಾಗಿ. 2019ರಲ್ಲಿ ಅಮೆರಿಕದ ಒಂದು ಅಧ್ಯಯನ ಬಂತು, ಸರಾಸರಿ 72 ವರ್ಷದ ಸುಮಾರು 16,700 ಹೆಂಗಸರದ್ದು. ದಿನಕ್ಕೆ 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಸಾವು ಕಡಿಮೆ ಇತ್ತು, ಸುಮಾರು 7,500ರ ಹೊತ್ತಿಗೆ ಆ ಲಾಭ ಒಂದು ಮಟ್ಟಕ್ಕೆ ಬಂದು ನಿಂತಿತ್ತು. ಸಂಖ್ಯೆ ತಪ್ಪಿತ್ತು, ನಡಿಗೆ ತಪ್ಪಿರಲಿಲ್ಲ. ಟ್ರೆಂಡ್ ಶುರುವಾಗಿ ಐವತ್ತು ವರ್ಷ ದಾಟಿದ ಮೇಲೆ ಸಿಕ್ಕ ಉತ್ತರ ಇದು. ಅಲ್ಲಿಯವರೆಗೆ ಕುರ್ಚಿಯಲ್ಲಿ ಕಾಯುತ್ತಾ ಕೂತಿರಬೇಕಿತ್ತಾ?

ಜಪಾನಿನದ್ದೇ ಇನ್ನೊಂದು. 1982ರಲ್ಲಿ ಅಲ್ಲಿನ ಅರಣ್ಯ ಇಲಾಖೆ ಶಿನ್ರಿನ್-ಯೋಕು ಅಂತ ಒಂದು ಹೆಸರು ಕೊಟ್ಟಿತು. ಕಾಡಿನ ಸ್ನಾನ ಅಂತ ಅರ್ಥ. ನೀರಿಲ್ಲ, ಸೋಪಿಲ್ಲ, ಸುಮ್ನೆ ಮರಗಳ ನಡುವೆ ನಿಧಾನವಾಗಿ ಓಡಾಡುವುದು. ಹೆಸರು ಮೊದಲು ಬಂತು, ರಕ್ತದೊತ್ತಡ ಅಳೆಯುವವರು ಆಮೇಲೆ ಬಂದರು.

ನನ್ನ ಮಾತು ಇಷ್ಟೇ. ಒಳ್ಳೇದು ಅಂತ ಗೊತ್ತಾದ ಮಾತ್ರಕ್ಕೆ ಯಾರೂ ಏನನ್ನೂ ಮಾಡುವುದಿಲ್ಲ. ಬೇಗ ಮಲಗಿ, ಓಡಾಡಿ, ಫೋನ್ ಕೆಳಗಿಡಿ ಅಂತ ಎಲ್ಲ ಡಾಕ್ಟರೂ ಹೇಳುತ್ತಾರೆ, ನಾವು ತಲೆ ಆಡಿಸಿ ಬರುತ್ತೇವೆ. ಅದೇ ಮಾತಿಗೆ ಒಂದು ವಿಚಿತ್ರ ವೇಷ ಹಾಕಿ ನೋಡಿ, ಜನ ಸಾಲಾಗಿ ನಿಲ್ಲುತ್ತಾರೆ. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ 2014ರಲ್ಲಿ ಒಬ್ಬ ಕಲಾವಿದೆ ಏನೂ ಮಾಡದೆ ಕೂರುವ ಸ್ಪರ್ಧೆ ಶುರು ಮಾಡಿದರು. 90 ನಿಮಿಷ ಕೂರಬೇಕು. ಫೋನ್ ಮುಟ್ಟಬಾರದು, ಮಾತಾಡಬಾರದು, ನಿದ್ದೆ ಹೋಗಬಾರದು. ಆಗಾಗ ಬಂದು ಎದೆಬಡಿತ ಅಳೆಯುತ್ತಾರೆ, ಬಡಿತ ಯಾರದ್ದು ಸಮವಾಗಿದೆ ಅಂತ ನೋಡುತ್ತಾರೆ, ನೋಡುವ ಜನರೂ ವೋಟ್ ಹಾಕುತ್ತಾರೆ. ನನಗೆ ಇದು ಬಹಳ ಇಷ್ಟ. ಸುಮ್ನೆ ಕೂತ್ಕೋ ಅಂದರೆ ಯಾರು ಕೂರುತ್ತಾರೆ? ಸ್ಪರ್ಧೆ ಅಂದರೆ ಕೂರುತ್ತಾರೆ! 2016ರಲ್ಲಿ ಅಮೆರಿಕದ ಆರೆಗಾನ್‌ನಲ್ಲಿ ಶುರುವಾದ ಮೇಕೆ ಯೋಗವೂ ಹೀಗೇ. ಬೆನ್ನ ಮೇಲೆ ಮೇಕೆ ಮರಿ ಹತ್ತಿ ನಿಂತರೆ ಆಸನ ಸರಿ ಬರುವುದಿಲ್ಲ ನಿಜ, ಆದರೆ ಆ ಒಂದು ಗಂಟೆ ನಗುತ್ತಾ ಮೈ ಬಗ್ಗಿಸಿರುತ್ತೀರಲ್ಲ.

ಎಲ್ಲ ಬರೀ ನಂಬಿಕೆ ಅನ್ನುವವರಿಗೆ ಒಂದು ಮಾತು. ನಂಬಿಕೆಯನ್ನು ಅಷ್ಟು ಹಗುರವಾಗಿ ನೋಡಬೇಡಿ. 2010ರಲ್ಲಿ ಹಾರ್ವರ್ಡ್‌ನ ಸಂಶೋಧಕರು ಕರುಳಿನ ತೊಂದರೆ ಇದ್ದ 80 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟು, ಇದರಲ್ಲಿ ಔಷಧಿ ಇಲ್ಲ ಅಂತ ಬಾಯಿಬಿಟ್ಟೇ ಹೇಳಿದರು. ಆದರೂ ಮೂರು ವಾರದಲ್ಲಿ ಆ ಗುಂಪಿನ 59% ಜನ ತೃಪ್ತಿಯಾಗುವಷ್ಟು ಆರಾಮ ಸಿಕ್ಕಿತು ಅಂದರು. ಮಾತ್ರೆ ಇಲ್ಲದ ಗುಂಪಿನಲ್ಲಿ 35%. ಹಾಗಿದ್ದರೆ ಟೇಪ್ ಹಾಕಿಕೊಂಡವನಿಗೆ ಆರಾಮ ಅನ್ನಿಸಿದರೆ ನಿಮಗೇನು ನಷ್ಟ?

ಅಸಹ್ಯ ಅನ್ನಿಸುವುದೆಲ್ಲ ಮೋಸ ಅಂತಲೂ ಅಲ್ಲ. ಆರೋಗ್ಯವಂತರ ಮಲವನ್ನು ರೋಗಿಯ ಕರುಳಿಗೆ ಸೇರಿಸುವ ಚಿಕಿತ್ಸೆ ಇದೆ, ಊಟ ಮಾಡುತ್ತಾ ಓದುತ್ತಿದ್ದರೆ ಕ್ಷಮಿಸಿ. ಮೊದಲು ಕೇಳಿದಾಗ ನಾನೂ ಮೂಗು ಮುಚ್ಚಿಕೊಂಡೆ. 2013ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು ಮತ್ತೆ ಮತ್ತೆ ಕಾಡುವ ಒಂದು ಕರುಳಿನ ಸೋಂಕಿಗೆ ಅದನ್ನು ಕೊಟ್ಟು ನೋಡಿದರು. 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿಯಾಯಿತು.

ಟೇಪಿಗೂ ಒಂದು ಅಧ್ಯಯನ ಇದೆ, 2022ರದ್ದು. ಬಾಯಿಯಲ್ಲಿ ಉಸಿರಾಡುವ 20 ಜನರ ಮೇಲೆ ಮಾಡಿದ್ದು, ಗೊರಕೆ ಅರ್ಧಕ್ಕಿಂತ ಕಡಿಮೆ ಆಯಿತು. ನನ್ನ ಪುಣ್ಯಕ್ಕೆ ಅದು ಸಾಕು.

ವಿರೋಧ: ತಂಗಿ ಬರೆದದ್ದು

ಗೋಡೆ ಬಡಿಯುವುದನ್ನು ನಿಲ್ಲಿಸಿದೆ, ಹೌದು. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ಮೊದಲು ನಮ್ಮ ಮನೆಯ ಒಂದು ಡ್ರಾಯರ್ ಬಗ್ಗೆ. ಎಳೆದರೆ ಪೂರ್ತಿ ತೆರೆಯುವುದಿಲ್ಲ, ಅಷ್ಟು ತುಂಬಿದೆ. ಎಲ್ಲಾ ಅಣ್ಣನ ಆರೋಗ್ಯ. ಅದರಲ್ಲಿ ಪಾದಕ್ಕೆ ಅಂಟಿಸುವ ಪ್ಯಾಡ್‌ಗಳ ಒಂದು ಡಬ್ಬ ಇದೆ. ರಾತ್ರಿ ಅಂಗಾಲಿಗೆ ಅಂಟಿಸಿ ಮಲಗಬೇಕು, ಬೆಳಿಗ್ಗೆ ಅದು ಕಪ್ಪಾಗಿರುತ್ತದೆ, ಅದೇ ಮೈಯಿಂದ ಹೊರಬಂದ ವಿಷ ಅಂತೆ. ಮೊದಲ ದಿನ ಅವನು ಆ ಕಪ್ಪು ಪ್ಯಾಡ್ ಹಿಡಿದುಕೊಂಡು ಪದಕ ಗೆದ್ದವನ ಹಾಗೆ ಅಡುಗೆಮನೆಗೆ ಬಂದ. ನಾನು ಡಬ್ಬದಿಂದ ಹೊಸದೊಂದು ತೆಗೆದು ಸಿಂಕ್ ಪಕ್ಕ ಇಟ್ಟು ನಾಲ್ಕು ಹನಿ ನೀರು ಹಾಕಿದೆ. ಸ್ವಲ್ಪ ಹೊತ್ತಿಗೆ ಅದೂ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಕಪ್ಪಾಯಿತು. ಒಳಗಿರುವುದು ಮರದಿಂದ ತೆಗೆದ ವಿನೆಗರ್ ಪುಡಿ, ಪಸೆ ತಾಗಿದರೆ ಕಪ್ಪಾಗುತ್ತದೆ. ಅಂಗಾಲು ಬೆವರುತ್ತದೆ, ಅಷ್ಟೇ ಕಥೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುತ್ತಾರೆ, ಕಪ್ಪಗಿರುವುದೆಲ್ಲ ವಿಷವೂ ಅಲ್ಲ. ಅಮೆರಿಕದಲ್ಲಿ 2009ರಲ್ಲೇ ಸರಕಾರಿ ಸಂಸ್ಥೆಯೊಂದು ಇಂಥ ಪ್ಯಾಡ್ ಮಾರುವವರ ಮೇಲೆ ಕೇಸ್ ಹಾಕಿತ್ತು. ಆದರೂ ಇವತ್ತಿಗೂ ಬೇರೆ ಬೇರೆ ಡಬ್ಬದಲ್ಲಿ ಸಿಗುತ್ತವೆ.

ಪಾದಗಳನ್ನು ಉಪ್ಪುನೀರಿನಲ್ಲಿಟ್ಟು ಕರೆಂಟ್ ಹಾಯಿಸುವ ತೊಟ್ಟಿಯದ್ದೂ ಇದೇ ಹಣೆಬರಹ. ನೀರು ಕೆಂಪಾಗುತ್ತದಲ್ಲ, ಅದು ಒಳಗಿನ ಲೋಹದ ತುಕ್ಕು. ಕಾಲು ಇಡದಿದ್ದರೂ ಆಗುತ್ತದೆ.

ಇದನ್ನು ಹೇಳಿದಾಗ ಅಣ್ಣ ಏನಂದ ಗೊತ್ತಾ? ಆದರೂ ನನಗೆ ಹಗುರ ಅನ್ನಿಸುತ್ತಿದೆ ಅಂದ. ಅವನ ಇಡೀ ವಾದ ಕೂತಿರುವುದು ಆ ಒಂದು ಮಾತಿನ ಮೇಲೆ, ಹಾಗಾಗಿ ಅದನ್ನೇ ಹಿಡಿದು ಕೇಳುತ್ತೇನೆ.

ಎಬೆನ್ ಬೈಯರ್ಸ್ ಅಂತ ಅಮೆರಿಕದಲ್ಲಿ ಒಬ್ಬ ದೊಡ್ಡ ಉದ್ಯಮಿ ಇದ್ದ, ಗಾಲ್ಫ್‌ನಲ್ಲಿ 1906ರ ಚಾಂಪಿಯನ್. 1927ರಲ್ಲಿ ರೈಲಿನ ಬರ್ತ್‌ನಿಂದ ಬಿದ್ದು ಕೈಗೆ ಪೆಟ್ಟಾಯಿತು. ನೋವಿಗೆ ಅಂತ ಅವನ ವೈದ್ಯ ರೇಡಿಥಾರ್ ಕುಡಿಯಲು ಹೇಳಿದ. ಆಗಿನ ಕಾಲದ ಟಾನಿಕ್ ಅದು, ಸಣ್ಣ ಬಾಟಲಿಯಲ್ಲಿ ನೀರು, ನೀರಿನಲ್ಲಿ ವಿಕಿರಣ ಸೂಸುವ ರೇಡಿಯಂ. ರೇಡಿಯಂ ಅಂದರೆ ಆಗ ಜನರಿಗೆ ಎಲ್ಲಿಲ್ಲದ ಬೆರಗು, ಅದು ಚೈತನ್ಯ ತುಂಬುತ್ತದೆ ಅಂತ ಜಾಹೀರಾತು. ಬೈಯರ್ಸ್‌ಗೆ ಕುಡಿದಾಗ ನಿಜವಾಗಿಯೂ ಆರಾಮ ಅನ್ನಿಸಿತು. ಗೆಳೆಯರಿಗೂ ಪೆಟ್ಟಿಗೆಗಟ್ಟಲೆ ಕಳಿಸಿಕೊಟ್ಟ. ಸುಮಾರು 1,400 ಬಾಟಲಿ ಕುಡಿದ ಅಂತ ಲೆಕ್ಕ. ಹಲ್ಲು ಬಿದ್ದವು, ದವಡೆಯ ಮೂಳೆ ಕೊಳೆತು ಹೋಯಿತು, 1932ರಲ್ಲಿ ತೀರಿಕೊಂಡ. ಆರಾಮ ಅನ್ನಿಸಿದ್ದು ಸುಳ್ಳಲ್ಲ. ಆರಾಮ ಅನ್ನಿಸುವುದಕ್ಕೂ ಮೈ ಸರಿ ಇರುವುದಕ್ಕೂ ಸಂಬಂಧ ಇರಲೇಬೇಕು ಅಂತಿಲ್ಲ, ಅಷ್ಟೇ ನಾನು ಹೇಳುತ್ತಿರುವುದು.

ಟೇಪನ್ನು ರೇಡಿಯಂ ಜೊತೆ ಇಟ್ಟು ಹೆದರಿಸುತ್ತಿದ್ದೀಯ ಅನ್ನುತ್ತಾನೆ, ಗೊತ್ತು. ಸರಿ, ಅವನು ಕೊಟ್ಟ ಉದಾಹರಣೆಗಳನ್ನೇ ನೋಡೋಣ.

ಮಲದ ಚಿಕಿತ್ಸೆ. ಅದು ಅವನ ಪರ ಹೇಗಾಯಿತು ಅಂತ ನನಗೆ ಇನ್ನೂ ಅರ್ಥವಾಗಿಲ್ಲ. ವೈದ್ಯರು ಒಂದು ರೋಗ ಹಿಡಿದರು, ಗುಂಪು ಮಾಡಿದರು, ಮಾಮೂಲಿ ಔಷಧಿಯ ಜೊತೆ ಹೋಲಿಸಿದರು, ಆಮೇಲೆ ಹೌದು ಅಂದರು. ಯಾರೂ ಅದನ್ನು ಚಂದದ ಡಬ್ಬದಲ್ಲಿ ಹಾಕಿ ನಿಮ್ಮ ಹೊಳಪು ಜಾಸ್ತಿ ಆಗುತ್ತದೆ ಅಂತ ಮಾರಲಿಲ್ಲ. ನಾನು ಕೇಳುತ್ತಿರುವುದೂ ಇದನ್ನೇ!

ಔಷಧಿ ಇಲ್ಲದ ಮಾತ್ರೆ. ಅದರಲ್ಲಿ ಔಷಧಿ ಇಲ್ಲ ಅಂತ ಸಂಶೋಧಕರು ನಿಜ ಹೇಳಿದರು. ಯಾವ ಪಾದದ ಪ್ಯಾಡ್ ಡಬ್ಬದ ಮೇಲೆ ಆ ಮಾತು ಬರೆದಿರುತ್ತಾರೆ? ಮತ್ತೆ ಅಲ್ಲಿ ಕೇಳಿದ್ದು ಹೊಟ್ಟೆಯ ತೊಂದರೆ ಹೇಗಿದೆ ಅಂತ, ಅದನ್ನು ಆ ಮನುಷ್ಯನೇ ಹೇಳಬೇಕು. ಮಲಗಿದಾಗ ರಕ್ತದಲ್ಲಿ ಆಮ್ಲಜನಕ ಎಷ್ಟಿತ್ತು ಅಂತ ಮಲಗಿದವನನ್ನು ಕೇಳಿದರೆ ಏನು ಹೇಳುತ್ತಾನೆ?

ನಡಿಗೆ, ಕಾಡು, ಸುಮ್ನೆ ಕೂರುವುದು, ಮೇಕೆ ಮರಿ. ಇದರಲ್ಲಿ ನನ್ನ ತಕರಾರಿಲ್ಲ, ಮೇಕೆ ಮರಿ ಸಿಕ್ಕರೆ ನಾನೂ ಹೋಗುತ್ತೇನೆ. ಆದರೆ ಗಮನಿಸಿ, ಅವನು ಆರಿಸಿಕೊಂಡಿದ್ದೆಲ್ಲ ಹೆಚ್ಚುಕಮ್ಮಿ ಖರ್ಚಿಲ್ಲದ್ದು. ಡ್ರಾಯರ್‌ನಲ್ಲಿರುವುದು ಯಾವುದೂ ಹಾಗಲ್ಲ. ಗ್ಲೋಬಲ್ ವೆಲ್‌ನೆಸ್ ಇನ್‌ಸ್ಟಿಟ್ಯೂಟ್ ಪ್ರಕಾರ 2023ರಲ್ಲಿ ವೆಲ್‌ನೆಸ್ ಅನ್ನುವ ಈ ಇಡೀ ವ್ಯಾಪಾರ 6.3 ಲಕ್ಷ ಕೋಟಿ ಡಾಲರ್. ಮರದ ಕೆಳಗೆ ಸುಮ್ನೆ ಓಡಾಡುವವರಿಂದ ಅಷ್ಟು ದುಡ್ಡು ಹುಟ್ಟುವುದಿಲ್ಲ, ಅಲ್ವಾ?

ಟ್ರೆಂಡ್ ಆದರೂ ಜನ ಒಳ್ಳೆಯದನ್ನೇ ಮಾಡುತ್ತಾರಲ್ಲ ಅನ್ನುತ್ತಾನೆ. ಯಾವಾಗಲೂ ಹಾಗಾಗುವುದಿಲ್ಲ. ಜಿಮ್ ಆದ ಮೇಲೆ ಐಸ್ ನೀರಿನ ತೊಟ್ಟಿಗೆ ಇಳಿಯುವವರನ್ನು ನೋಡಿ. 2015ರ ಒಂದು ಅಧ್ಯಯನದಲ್ಲಿ ತೂಕ ಎತ್ತಿದ ಮೇಲೆ 10 ಡಿಗ್ರಿ ನೀರಿನಲ್ಲಿ 10 ನಿಮಿಷ ಕೂತವರಿಗೆ 12 ವಾರದಲ್ಲಿ ಸ್ನಾಯು ಕಡಿಮೆ ಬೆಳೆದಿತ್ತು, ನೀರಿಗಿಳಿಯದವರಿಗಿಂತ. ಒಂದು ಕೈಯಲ್ಲಿ ಕಟ್ಟಿದ್ದನ್ನು ಇನ್ನೊಂದು ಕೈಯಲ್ಲಿ ಕೆಡವಿದ ಹಾಗೆ.

ವಾಚ್ ವಿಷಯ ಬೇರೆ. ಒಂದು ಬೆಳಿಗ್ಗೆ ಅಣ್ಣ ಮೈಮುರಿಯುತ್ತಾ ಬಂದು, ಇವತ್ತು ಎಷ್ಟು ಚೆನ್ನಾಗಿ ನಿದ್ದೆ ಬಂತು ಮಾರಾಯ್ತಿ ಅಂದ. ಆಮೇಲೆ ವಾಚ್ ನೋಡಿದ. ನಿದ್ದೆಯ ಅಂಕ ನೂರಕ್ಕೆ 58. ಮುಖ ಅಲ್ಲೇ ಇಳಿದುಹೋಯಿತು, ಸಂಜೆವರೆಗೂ ಸುಸ್ತು ಅನ್ನುತ್ತಿದ್ದ. ಈ ಕಾಯಿಲೆಗೂ ಹೆಸರಿಟ್ಟಿದ್ದಾರೆ, 2017ರಲ್ಲಿ: ಆರ್ಥೋಸೋಮ್ನಿಯಾ. ಸರಿಯಾದ ಅಂಕ ಬರುವ ನಿದ್ದೆಗೋಸ್ಕರ ಒದ್ದಾಡಿ ನಿದ್ದೆ ಕೆಡಿಸಿಕೊಳ್ಳುವುದು. ಆಸ್ಪತ್ರೆಯ ನಿದ್ದೆ ಪರೀಕ್ಷೆ ಚೆನ್ನಾಗಿದೆ ಅಂದರೂ ಕೈಯಲ್ಲಿನ ಯಂತ್ರವನ್ನೇ ನಂಬಿದವರ ಬಗ್ಗೆ ವೈದ್ಯರು ಬರೆದಿದ್ದಾರೆ.

ಈಗ ಟೇಪ್. 20 ಜನರ ಅಧ್ಯಯನ ನಾನೂ ಓದಿದೆ. ಅವನು ಹೇಳದೆ ಬಿಟ್ಟದ್ದು: ಆ 20 ಜನರಿಗೆ ಮೊದಲು ನಿದ್ದೆಯ ಪರೀಕ್ಷೆ ಆಗಿತ್ತು. ಮಲಗಿದಾಗ ಉಸಿರು ನಿಂತು ನಿಂತು ಹೋಗುವ ತೊಂದರೆ, ಸ್ಲೀಪ್ ಆಪ್ನಿಯಾ, ಅವರಿಗೆ ಸಣ್ಣ ಮಟ್ಟದಲ್ಲಿದೆ ಅಂತ ಗೊತ್ತುಮಾಡಿಕೊಂಡು ಆಮೇಲೆ ಟೇಪ್ ಹಾಕಿದ್ದು. ಅಣ್ಣನಿಗೆ ಯಾವ ಪರೀಕ್ಷೆಯೂ ಆಗಿಲ್ಲ. ನೆಗಡಿ ಬಂದು ಮೂಗು ಕಟ್ಟಿದ ರಾತ್ರಿಯೂ ಟೇಪ್ ಹಾಕಿಕೊಂಡಿದ್ದ, ನಾನೇ ಹೋಗಿ ಕಿತ್ತುಹಾಕಿದೆ.

ಗೋಡೆ ಬಡಿಯುವುದನ್ನು ನಿಲ್ಲಿಸಿದ್ದು ಯಾಕೆಂದರೆ, ಕೇಳಿಸಿಕೊಳ್ಳಬೇಕಿತ್ತು. ಗೊರಕೆ ಇದ್ದಾಗ ಉಸಿರಾಡುತ್ತಿದ್ದಾನೆ ಅಂತಲಾದರೂ ಗೊತ್ತಾಗುತ್ತಿತ್ತು. ಟೇಪ್ ಬಂದ ಮೇಲೆ ಒಂದು ರಾತ್ರಿ ಎಲ್ಲಾ ನಿಶ್ಶಬ್ದ. ಎದ್ದು ಹೋಗಿ ಬಾಗಿಲ ಹತ್ತಿರ ನಿಂತೆ. ಹೊದಿಕೆ ಏಳುತ್ತಿತ್ತು, ಇಳಿಯುತ್ತಿತ್ತು, ಆಮೇಲೆ ಇಳಿದದ್ದು ಏಳಲಿಲ್ಲ. ಮನಸ್ಸಿನಲ್ಲೇ ಎಣಿಸಿದೆ. ಹದಿನೆಂಟಕ್ಕೆ ಬಂದಾಗ ಮೂಗಿನಿಂದ ಸೊರ್ರ್ ಅಂತ ಜೋರಾಗಿ ಎಳೆದುಕೊಂಡು ಮಗ್ಗುಲು ಬದಲಿಸಿದ. ಅರ್ಧ ಗಂಟೆ ನಿಂತಿದ್ದೆ, ಹೀಗೆ ಏಳು ಸಲ. ಹತ್ತು ಸೆಕೆಂಡ್ ದಾಟಿದರೇ ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಹಗಲು ಅವನು ಊಟದ ತಟ್ಟೆ ಮುಂದೆಯೇ ತೂಕಡಿಸುತ್ತಾನೆ, ಅದನ್ನೂ ಮೇಲೆ ಬರೆದಿಲ್ಲ. ಗೊರಕೆ ಕೇಳಿಸುತ್ತಿದ್ದಿದ್ದರೆ ನಾವು ಎಂದೋ ಬೈದು ಡಾಕ್ಟರ ಹತ್ತಿರ ಎಳೆದುಕೊಂಡು ಹೋಗಿರುತ್ತಿದ್ದೆವು. ಟೇಪ್ ಬಾಯಿಯನ್ನಲ್ಲ, ಆ ದೂರನ್ನು ಮುಚ್ಚಿತು.

ಫೋನಿನಲ್ಲಿ ಆ ಹದಿನೆಂಟು ಸೆಕೆಂಡ್ ರೆಕಾರ್ಡ್ ಮಾಡಿಕೊಂಡು ಬೆಳಿಗ್ಗೆ ಅವನಿಗೆ ಕೇಳಿಸಿದೆ. ಮೊದಲ ಸಲ ನಕ್ಕ. ಎರಡನೇ ಸಲ ತಾನೇ ಹಿಂದಕ್ಕೆ ಹೋಗಿ ಮತ್ತೆ ಕೇಳಿದ, ಏನೂ ಮಾತಾಡಲಿಲ್ಲ. ಗುರುವಾರ ನಿದ್ದೆಯ ಪರೀಕ್ಷೆ ಇದೆ. ಟೇಪ್ ಹಾಕಿಕೊಂಡು ಬರಬಹುದಾ ಅಂತ ಅಲ್ಲಿಗೆ ಫೋನ್ ಮಾಡಿ ಕೇಳಿದ್ದಾನೆ.