ಫೋರ್‌ವೀಲ್ ಜೀಪು ಬೇಕಾ? ಮೊದಲು ಅಡಿಯಲ್ಲಿ ಮಲಗಿ ನೋಡಿ

ಮಳೆಗಾಲ ಹತ್ತಿರ ಬಂದರೆ ಸಾಕು, ನಮ್ಮ ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಹುಡುಗರಿಗೆ ನಾಲ್ಕೂ ಚಕ್ರಕ್ಕೆ ಇಂಜಿನ್ನಿನ ಬಲ ಹೋಗುವ ಹಳೆ ಫೋರ್‌ವೀಲ್ ಜೀಪಿನ ಆಸೆ ಹತ್ತುತ್ತದೆ. ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೂ ಮೊಬೈಲ್ ಮುಂದೆ ಹಿಡಿದು "ಭಾವ, ಇದು ಹೇಗೆ?" ಅಂತ ಕೇಳುತ್ತಾರೆ. ಫೋಟೋದಲ್ಲಿ ದೊಡ್ಡ ದೊಡ್ಡ ಟಯರು, ಕಬ್ಬಿಣದ ಬಂಪರು, ತಲೆ ಮೇಲೆ ಎಲ್‌ಇಡಿ ಲೈಟಿನ ಸಾಲು. ಅಡಿಯದ್ದು ಒಂದೂ ಫೋಟೋ ಇರುವುದಿಲ್ಲ.

ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಅಲಂಕಾರ ಮಾಡಿದ ಜೀಪಿಗೆ ಜಾಸ್ತಿ ಹಣ ಕೇಳುತ್ತಾರೆ ಅಲ್ವಾ? ಅದಕ್ಕೆ ಕಡಿಮೆ ಕೊಡಬೇಕು. ಕಂಪೆನಿಯಿಂದ ಬಂದ ಹಾಗೇ ಇರುವ, ಯಾರದೋ ತೋಟದಲ್ಲಿ ಗೊಬ್ಬರ ಹೊತ್ತುಕೊಂಡಿದ್ದ, ಪೇಂಟು ಮಾಸಿದ ಜೀಪಿಗೆ ಎರಡು ಕಾಸು ಜಾಸ್ತಿ ಹೋದರೂ ತೊಂದರೆ ಇಲ್ಲ. ದೊಡ್ಡ ಟಯರು ಹಾಕಿದ ಜೀಪಿನಲ್ಲಿ ಆ್ಯಕ್ಸಿಲ್, ಸ್ಟೀರಿಂಗ್ ಜಾಯಿಂಟು, ವೀಲ್ ಬೇರಿಂಗು ಎಲ್ಲಕ್ಕೂ ಲೆಕ್ಕಕ್ಕಿಂತ ಹೆಚ್ಚು ಭಾರ ಬಿದ್ದಿರುತ್ತದೆ. ಸ್ಪೀಡೋಮೀಟರ್ ಕೂಡ ಸುಳ್ಳು ಹೇಳುತ್ತದೆ. ಇಷ್ಟಕ್ಕೂ ಅಂಥ ಜೀಪು ಹೆಚ್ಚಾಗಿ ಮಾರಾಟಕ್ಕೆ ಬರುವುದು ಚೆನ್ನಾಗಿ ಕುಣಿಸಿ ಆದ ಮೇಲೆ.

ನಮ್ಮ ನೆಲ ಎಂಥದ್ದು ಅಂತ ಮೊದಲು ಯೋಚಿಸಬೇಕು. ರಾಜಸ್ಥಾನದ ಮರಳಿನ ವಿಡಿಯೋ ನೋಡಿ ಕಾಸರಗೋಡಿನಲ್ಲಿ ಗಾಡಿ ತಗೊಂಡರೆ ಆಗುವುದಿಲ್ಲ. ಇಲ್ಲಿ ಮೇಲೆ ಮುರಕಲ್ಲಿನ (ಕೆಂಪುಕಲ್ಲಿನ) ಪದವು, ಅಂದರೆ ಗುಡ್ಡದ ತಲೆಯ ಬಯಲು, ಕೆಳಗೆ ಅಡಿಕೆ ತೋಟ. ನಡುವೆ ಒಂದೇ ಗಾಡಿ ಹೋಗುವಷ್ಟು ಅಗಲದ ಕಡಿದಾದ ದಾರಿ. ಒಂದು ಪಕ್ಕ ದರೆ, ಇನ್ನೊಂದು ಪಕ್ಕ ಪ್ರಪಾತ. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ, ಅದರಲ್ಲಿ ಹೆಚ್ಚಿನದ್ದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೇಲೆ ತೆಳ್ಳಗೆ ಕೆಂಪು ಕೆಸರು, ಅದರಡಿ ಗಟ್ಟಿ ಮುರಕಲ್ಲು, ಕೆಲವು ಕಡೆ ಪಾಚಿ. ಈ ಜಾಗಕ್ಕೆ ಬೇಕಾದ್ದು ಹಗುರವಾದ, ಗಿಡ್ಡನೆಯ, ಕಿರಿದಾದ ಗಾಡಿ. ಟಯರೂ ಅಷ್ಟೇ. ಕಿರಿದಾದ ಟಯರು ಕೆಸರನ್ನು ಸೀಳಿ ಅಡಿಯ ಗಟ್ಟಿಯನ್ನು ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆಯೇ ತೇಲಿ ಜಾರುತ್ತದೆ.

ಹಾರ್ಸ್‌ಪವರ್ ಲೆಕ್ಕ ಹಾಕುವವರಿಗೆ ಒಂದು ಮಾತು. ನಮ್ಮಲ್ಲಿ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಒದ್ದೆ ಇಳಿಜಾರಿನಲ್ಲಿ ಬ್ರೇಕು ಮೆಟ್ಟಿದರೆ ಚಕ್ರ ನಿಂತು ಗಾಡಿ ಜಾರುತ್ತದೆ. ಅಲ್ಲಿ ಕಾಪಾಡುವುದು ಲೋ ಗೇರು. ಗೇರ್ ಲಿವರಿನ ಪಕ್ಕದ ಸಣ್ಣ ಲಿವರನ್ನು 4ಎಲ್‌ಗೆ, ಅಂದರೆ ಫೋರ್‌ವೀಲಿನ ಲೋಗೆ ಹಾಕಿದರೆ ಚಕ್ರಕ್ಕೆ ಹೋಗುವ ಬಲ ಎರಡರಿಂದ ಎರಡೂವರೆ ಪಟ್ಟು ಆಗುತ್ತದೆ, ವೇಗ ಅಷ್ಟೇ ಪಟ್ಟು ಇಳಿಯುತ್ತದೆ. ಫಸ್ಟ್ ಗೇರಿನಲ್ಲಿ ಕಾಲು ತೆಗೆದು ಸುಮ್ನೆ ಕೂತರೆ ಇಂಜಿನ್ನೇ ಹಿಡಿದುಕೊಂಡು ಇಳಿಸುತ್ತದೆ. ಲೋ ಇಲ್ಲದ್ದು ಎಷ್ಟೇ ಚಂದ ಇರಲಿ, ನಮ್ಮ ತೋಟದ ದಾರಿಗೆ ಅದು ಬೇಡ.

ಹಾಗಾಗಿ ಟೆಸ್ಟ್ ಡ್ರೈವ್ ಅಂತ ಹೈವೇಯಲ್ಲಿ ಓಡಿಸಿ ತಂದು ನಿಲ್ಲಿಸಿದರೆ ಏನೂ ಗೊತ್ತಾಗುವುದಿಲ್ಲ. ಮಣ್ಣಿನ ಇಳಿಜಾರಿಗೆ ಕೊಂಡುಹೋಗಿ. 4ಎಲ್ ಹಾಕಿ, ಬ್ರೇಕು ಮುಟ್ಟದೆ ಇಳಿಸಿ. ಹಲ್ಲು ಸವೆದ ಗೇರಾದರೆ ಅರ್ಧ ದಾರಿಯಲ್ಲಿ ಲಿವರು ತಾನಾಗಿ ನ್ಯೂಟ್ರಲ್‌ಗೆ ಹಾರುತ್ತದೆ. ಹಾಗಾದ ಕ್ಷಣ ಇಂಜಿನ್ನಿನ ಹಿಡಿತ ಪೂರ್ತಿ ಹೋಗಿ ಗಾಡಿ ಬಿಟ್ಟುಕೊಂಡು ಓಡುತ್ತದೆ. ಕೆಳಗೆ ಸಮತಟ್ಟು ಜಾಗ ಇರುವ ಸಣ್ಣ ಇಳಿಜಾರನ್ನೇ ಆರಿಸಿ, ಕಾಲು ಬ್ರೇಕಿನ ಹತ್ತಿರವೇ ಇರಲಿ. ಆಮೇಲೆ ಮಣ್ಣಿನ ಅಂಗಳದಲ್ಲಿ ಫೋರ್ ಹಾಕಿಯೇ ಸ್ಟೀರಿಂಗ್ ಪೂರ್ತಿ ತಿರುಗಿಸಿ ಒಂದು ಸುತ್ತು ಬನ್ನಿ. ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಅಂದರೆ ಜಾಯಿಂಟು ಹೋಗಿದೆ. ಗಾಡಿ ಸ್ವಲ್ಪ ಎಳೆದು ಹಿಡಿದ ಹಾಗೆ ಆಗಬೇಕು. ಏನೂ ಆಗದೆ ಹಗುರವಾಗಿ ತಿರುಗಿತು ಅಂದರೆ ಖುಷಿಪಡಬೇಡಿ, ಮುಂದಿನ ಚಕ್ರಕ್ಕೆ ಬಲವೇ ಹೋಗುತ್ತಿಲ್ಲ ಅಂತ ಅರ್ಥ. ಹಳೆ ಜೀಪಾದರೆ ಮುಂದಿನ ಹಬ್ ಲಾಕ್ (ಚಕ್ರವನ್ನು ಆ್ಯಕ್ಸಿಲ್‌ಗೆ ಜೋಡಿಸುವ ಕೊಂಡಿ) ಹಾಕಿದೆಯಾ ಅಂತ ಮೊದಲು ನೋಡಿಕೊಳ್ಳಿ. ಇದನ್ನೆಲ್ಲ ಡಾಮರು ರಸ್ತೆಯಲ್ಲಿ ಮಾಡಬೇಡಿ. ಈ ಗಾಡಿಗಳಲ್ಲಿ ಮುಂದಿನ ಮತ್ತು ಹಿಂದಿನ ಆ್ಯಕ್ಸಿಲ್ ನಡುವೆ, ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇರುವುದಿಲ್ಲ, ಡಾಮರಿನಲ್ಲಿ ತಿರುಗಿಸಿದರೆ ಗೇರಿಗೇ ಪೆಟ್ಟು.

ಒಮ್ಮೆ ಪರಿಚಯದವರಿಗಾಗಿ ಒಂದು ಜೀಪು ನೋಡಲು ಹೋಗಿದ್ದೆ. ಫೋರ್ ಲಿವರು ಚೆನ್ನಾಗಿ ಬೀಳುತ್ತಿತ್ತು. ಅಡಿಯಲ್ಲಿ ಮಲಗಿ ನೋಡಿದರೆ ಮುಂದಿನ ಚಕ್ರಕ್ಕೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟೇ ಇಲ್ಲ! ಕೇಳಿದೆ. "ಸೌಂಡ್ ಬರ್ತಿತ್ತು ಅಣ್ಣ, ಮೈಲೇಜೂ ಕಡಿಮೆ. ಅದಕ್ಕೆ ಬಿಚ್ಚಿಟ್ಟದ್ದು. ಮನೆಯಲ್ಲಿ ಉಂಟು" ಅಂದ ಮಾಲೀಕ. ಮನೆಯಲ್ಲಿ ಉಂಟಾದರೆ ಹಾಕಿಸಿ ತೋರಿಸು ಅಂದೆ. ಮತ್ತೆ ಫೋನ್ ಬರಲಿಲ್ಲ.

ಹಾಗಾಗಿ ಹಳೆ ಚಾಪೆ ಒಂದು ಕೊಂಡುಹೋಗಿ. ಟಾರ್ಚು, ಸಣ್ಣ ಸುತ್ತಿಗೆ ಕೂಡ. ಕುಂಬಳೆ, ಉಪ್ಪಳದ ಕಡೆ ಕಡಲಿನ ಉಪ್ಪುಗಾಳಿ. ಒಳಗೆ ಬಂದರೆ ಚಾಸಿಯ ಸಂದಿಯಲ್ಲಿ ವರ್ಷಗಟ್ಟಲೆ ಕೂತ ಕೆಂಪು ಮಣ್ಣು, ಒಣಗದೆ ಕಬ್ಬಿಣವನ್ನು ತಿನ್ನುತ್ತಾ ಇರುತ್ತದೆ. ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್) ಕೂರುವ ಜಾಗ, ಬಾಡಿ ಬೋಲ್ಟಿನ ಹತ್ತಿರ ಮೆಲ್ಲ ಬಡಿಯಿರಿ. ಟಣ್ ಅಂದರೆ ಸರಿ. ಬೊದ್ದು ಸದ್ದು ಬಂದರೆ ಒಳಗೆ ಟೊಳ್ಳು. ಹೊಸದಾಗಿ ಕಪ್ಪು ಪೇಂಟು ಬಳಿದ ಚಾಸಿ ಕಂಡರೆ ಇನ್ನೂ ನಾಲ್ಕು ಪೆಟ್ಟು ಜಾಸ್ತಿ ಹಾಕಿ. ಕ್ರೌನಿನ (ಆ್ಯಕ್ಸಿಲ್ ನಡುವಿನ ಗೇರಿನ ಗುಂಡು) ಆಯಿಲ್ ಪ್ಲಗ್ ಬಿಚ್ಚಿಸಿ ಬೆರಳಿಗೆ ಆಯಿಲ್ ತಾಗಿಸಿ ನೋಡಿ. ಹಾಲು ಹಾಕಿದ ಚಹಾದ ಬಣ್ಣ ಇದ್ದರೆ ತೋಡು, ಹೊಳೆ ದಾಟಿ ನೀರು ಒಳಗೆ ಹೋಗಿದೆ, ಆಯಿಲ್ ಬದಲಿಸಿಲ್ಲ. ಸೀಟ್ ಬೆಲ್ಟ್ ಕೊನೆಯ ತನಕ ಎಳೆದು ನೋಡುವುದೂ ಒಳ್ಳೆಯದು. 2018ರ ಕೇರಳದ ನೆರೆಯಲ್ಲಿ ಮುಳುಗಿದ ಗಾಡಿಗಳು ತೆಂಕಣ ಜಿಲ್ಲೆಗಳಿಂದ ಎಲ್ಲೆಲ್ಲಿಗೋ ಮಾರಾಟವಾಗಿವೆ. ಸೀಟು ತೊಳೆಯುತ್ತಾರೆ, ಬೆಲ್ಟಿನ ಒಳಗಿನ ತುದಿಯ ಕೆಸರಿನ ಗೆರೆ ತೊಳೆಯಲು ಮರೆಯುತ್ತಾರೆ.

ಯಾವ ಗಾಡಿ ಅಂತ ಕೇಳಿದರೆ? ಮಹೀಂದ್ರದ ಎಂಎಂ 540, 550 ಅಂದರೆ ನನಗೆ ಪ್ರೀತಿ, ಯಾವ ಸಣ್ಣ ವರ್ಕ್‌ಶಾಪಿನಲ್ಲೂ ರಿಪೇರಿ ಆಗುತ್ತದೆ. ಆದರೆ ಮೂಲದ ಪ್ಯೂಜೋ ಡೀಸೆಲ್ ಇಂಜಿನ್ ತೆಗೆದು ಡಿಐ ಅನ್ನುವ ಬೇರೆ ಡೀಸೆಲ್ ಇಂಜಿನ್ ಕೂರಿಸಿದ್ದು ಬೇಕಾದಷ್ಟಿವೆ. ಆ ಬದಲಾವಣೆ ಆರ್‌ಸಿಯಲ್ಲಿ ಇಲ್ಲದಿದ್ದರೆ ಮುಟ್ಟಬೇಡಿ. ಮಾರುತಿ ಜಿಪ್ಸಿ ನಮ್ಮ ದಾರಿಗೆ ಹೇಳಿ ಮಾಡಿಸಿದ್ದು. ಪೆಟ್ರೋಲ್ ಕುಡಿಯುತ್ತದೆ, ಬೆನ್ನು ಮುರಿಯುತ್ತದೆ, ಆದರೆ ಹಗುರ. 1985ರಲ್ಲಿ ಬಂದದ್ದು ಒಂದು ಲೀಟರ್ ಇಂಜಿನ್ನಿನದ್ದು. 1996ರ ನಂತರದ 1.3 ಲೀಟರಿನದ್ದೇ ಹುಡುಕಿ.

ಮಹೀಂದ್ರದ ಥಾರ್ ವಿಷಯದಲ್ಲಿ ಹುಷಾರು. 2010ರಿಂದ 2020ರ ತನಕದ ಹಳೆ ಥಾರ್‌ನ ಸಿಆರ್‌ಡಿಇ ಡೀಸೆಲ್ ಇಂಜಿನ್ ಗಟ್ಟಿ ಕೆಲಸಗಾರ. 2015ರ ನಂತರದ್ದಕ್ಕೆ ಹಿಂದೆ ಲಾಕಿಂಗ್ ಡಿಫರೆನ್ಷಿಯಲ್ ಕೂಡ ಬಂತು. ಒಂದು ಹಿಂದಿನ ಚಕ್ರ ಗಾಳಿಯಲ್ಲಿ ತಿರುಗಿದರೂ ಇನ್ನೊಂದು ತಳ್ಳುತ್ತದೆ. ಹೊಸ ಥಾರ್‌ನಲ್ಲಿ 2023ರಿಂದ ಹಿಂದಿನ ಚಕ್ರಕ್ಕೆ ಮಾತ್ರ ಬಲ ಹೋಗುವ ಮಾಡೆಲ್ಲೂ ಉಂಟು. ಹೊರಗಿನಿಂದ ನೋಡಿದರೆ ಅದೇ ಗಾಂಭೀರ್ಯ. ಮೂರು ಬಾಗಿಲಿನ ಥಾರ್‌ನಲ್ಲಿ 1.5 ಲೀಟರ್ ಡೀಸೆಲ್ ಅಂದರೆ ಫೋರ್‌ವೀಲ್ ಅಲ್ಲ. ಇದು ತಿಳಿಯದೆ ಅಡ್ವಾನ್ಸ್ ಕೊಟ್ಟವರು ಇದ್ದಾರೆ ಮಾರಾಯ್ರೇ. 2023ರಲ್ಲಿ ಬಂದ ಮಾರುತಿ ಜಿಮ್ನಿಯಲ್ಲಿ ಆ ಗೊಂದಲ ಇಲ್ಲ, ಎಲ್ಲ ಮಾಡೆಲ್ಲೂ ಫೋರ್‌ವೀಲೇ, ಲೋ ಗೇರೂ ಉಂಟು. ಬಜೆಟ್ ಇದ್ದು, ಮನೆಯವರನ್ನೂ ಕೂರಿಸಿಕೊಂಡು ಹೋಗುವುದಾದರೆ ನಾನು ಕಣ್ಣುಮುಚ್ಚಿ ಹೇಳುವುದು ಜಿಮ್ನಿ. ಗೊಬ್ಬರ, ಅಡಿಕೆ ಮೂಟೆ ಹೊರುವುದಾದರೆ ಹಳೆ ಥಾರ್.

ಕೊನೆಗೆ ಕಾಗದಪತ್ರ. ನಾವು ಗಡಿಯವರು, ಪುತ್ತೂರಿನ ಕೆಎ 21 ಗಾಡಿ ನಮಗೆ ಪಕ್ಕದ ಮನೆಯದ್ದು. ಆದರೆ ಇಲ್ಲೇ ಇಟ್ಟುಕೊಳ್ಳುವುದಾದರೆ 12 ತಿಂಗಳ ಒಳಗೆ ಕೇರಳದ ನಂಬರ್ ಮಾಡಿಸಬೇಕು, ತೆರಿಗೆಯೂ ಇಲ್ಲಿಯದ್ದೇ. ಮಾತು ಮುಗಿಸುವ ಮೊದಲು ಆ ಲೆಕ್ಕವನ್ನೂ ಬೆಲೆಗೆ ಸೇರಿಸಿ. 15 ವರ್ಷ ದಾಟಿದ್ದಾದರೆ ಆರ್‌ಸಿ ನವೀಕರಣ ಆಗಿದೆಯಾ ನೋಡಿ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿ ತೋರಿಸಿ ಪಾಸಾಗಬೇಕು. ಕಂಪೆನಿ ಕೊಟ್ಟ ರೂಪವನ್ನು ಬದಲಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದ್ದು ಕೇರಳದಿಂದ ಹೋದ ಪ್ರಕರಣದಲ್ಲೇ. ಹಾಗಾಗಿ ಆ ಬಂಪರು, ಟಯರು ಎಲ್ಲ ಬಿಚ್ಚಿಸುವ ಖರ್ಚು ಕೂಡ ನಿಮ್ಮದೇ. ಚಾಸಿ ನಂಬರು ಉಜ್ಜಿ, ಓದಿ, ಆರ್‌ಸಿಗೆ ಹೋಲಿಸಿ. ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೈಗೆ ಬರುವ ತನಕ ಪೂರ್ತಿ ಹಣ ಕೊಡಬೇಡಿ, ಮಾರುವವರು ನೆಂಟರಾದರೂ ಅಷ್ಟೇ.