ಹೆಂಗಸರ ಫುಟ್‌ಬಾಲ್ ನಿನ್ನೆ ಮೊನ್ನೆಯದಲ್ಲ

‘ಬ್ರಿಟನ್‌ನಲ್ಲಿ ಮೊದಲು ಹೆಂಗಸರು ಫುಟ್‌ಬಾಲ್ ಆಡುತ್ತಲೇ ಇರಲಿಲ್ಲ, ಆಡಿದರೂ ನೋಡುವವರಿರಲಿಲ್ಲ’ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಕೇಳಿದರೆ ನಿಜ ಅನಿಸುತ್ತದೆ. ಆದರೆ ಅದು ತಪ್ಪು.

ಮೊದಲ ಮಹಾಯುದ್ಧಕ್ಕೆ ಗಂಡಸರು ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಕೆಲಸದ ಬಿಡುವಿನಲ್ಲಿ ಚೆಂಡು ಒದೆಯುತ್ತಾ ತಂಡಗಳನ್ನೇ ಕಟ್ಟಿದರು. ಗಾಯಾಳು ಸೈನಿಕರಿಗಾಗಿ ಪಂದ್ಯ ಆಡಿ ಹಣ ಕೂಡಿಸಿದರು. 1920ರ ಕ್ರಿಸ್‌ಮಸ್ ರಜೆಯಲ್ಲಿ ಲಿವರ್‌ಪೂಲ್‌ನ ಗುಡಿಸನ್ ಪಾರ್ಕ್‌ಗೆ ಅವರ ಪಂದ್ಯ ನೋಡಲು ಬಂದವರು ಸುಮಾರು 53,000 ಮಂದಿ! ಪ್ರೆಸ್ಟನ್‌ನ ಕಾರ್ಖಾನೆ ಹುಡುಗಿಯರು ಆಡಿದ ಪಂದ್ಯ ಅದು.

ಮತ್ತೆ ಆಟ ಮರೆಯಾಗಿದ್ದು ಯಾಕೆ? 1921ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಆಡಳಿತ, ಹೆಂಗಸರ ಪಂದ್ಯಕ್ಕೆ ಮೈದಾನ ಕೊಡಬೇಡಿ ಎಂದು ಕ್ಲಬ್‌ಗಳಿಗೆ ಹೇಳಿತು. ಸುಮಾರು 50 ವರ್ಷ ಆ ಬಾಗಿಲು ಮುಚ್ಚಿಯೇ ಇತ್ತು. ಜನರ ಆಸಕ್ತಿ ಕಮ್ಮಿ ಇತ್ತು ಅಂತ ಸುಮ್ನೆ ಹೇಳುವುದು ಆ ಹುಡುಗಿಯರಿಗೆ ಮಾಡುವ ಅನ್ಯಾಯ, ಅಲ್ವಾ?

ಕಳಿಸಿದವರನ್ನು ದೂರಬೇಕಿಲ್ಲ. ‘ಎಂದೂ ಇರಲಿಲ್ಲ’ ಎನ್ನುವ ಮಾತು ಬಂದಾಗ ಅದರಲ್ಲಿ ಇಸವಿ, ಊರು ಇದೆಯಾ ನೋಡಿ. ಆ ಕಾಲದ ಪತ್ರಿಕೆಗಳು ಈಗ ಆನ್‌ಲೈನ್‌ನಲ್ಲಿ ಸಿಗುತ್ತವೆ. ಊರು, ಮೈದಾನದ ಹೆಸರು ಹಾಕಿ ಹುಡುಕಿ. ಒಂದೇ ಕಡೆ ನೋಡಿ ನಿಲ್ಲಿಸದೆ, ಇನ್ನೊಂದು ಕಡೆಯೂ ಅದೇ ಸಿಗುತ್ತದಾ ಎಂದು ಹೋಲಿಸಿ.